ವೃಷಣದೊಳಗಿನ ಒಪ್ಪಂದ: ಗಂಡಸಿನ ಹಾರ್ಮೋನು ಮತ್ತು ರೋಗನಿರೋಧಕ ವ್ಯವಸ್ಥೆ

ರಕ್ತಪರೀಕ್ಷೆಯ ವರದಿಯಲ್ಲಿ ಟೆಸ್ಟೋಸ್ಟೆರಾನ್ ಎಂಬ ಸಾಲಿನ ಎದುರು ಒಂದು ಅಂಕಿ ಇರುತ್ತದೆ. ಕಡಿಮೆ ಇದ್ದರೆ ಗಾಬರಿ, ಹೆಚ್ಚಿದ್ದರೆ ಒಳಗೊಳಗೇ ಹೆಮ್ಮೆ. ಈ ಅಂಕಿಯನ್ನು ಏರಿಸುವ ಮಾತ್ರೆ, ಪುಡಿ, ಚುಚ್ಚುಮದ್ದುಗಳ ಜಾಹೀರಾತುಗಳು ಮೊಬೈಲ್ ಪರದೆಯ ಮೇಲೆ ಸಾಲುಗಟ್ಟಿ ಬರುತ್ತವೆ. ಅವುಗಳ ಪಕ್ಕದಲ್ಲೇ ರೋಗನಿರೋಧಕ ಶಕ್ತಿ ಹೆಚ್ಚಿಸುವ ಇನ್ನೊಂದು ಡಬ್ಬಿ. ಎರಡನ್ನೂ ಒಟ್ಟಿಗೆ ಏರಿಸಿಕೊಂಡರೆ ಗಂಡಸಿನ ಆರೋಗ್ಯವೂ ಫಲವತ್ತತೆಯೂ ತಾನಾಗಿ ಸುಧಾರಿಸುತ್ತವೆ ಎಂಬ ನಂಬಿಕೆ ಈ ವ್ಯಾಪಾರದ ಬುನಾದಿ.

ಶರೀರಶಾಸ್ತ್ರ ಹೇಳುವುದು ಬೇರೆಯೇ. ವೀರ್ಯಾಣು ಹುಟ್ಟುವ ಜಾಗದಲ್ಲಿ ರೋಗನಿರೋಧಕ ವ್ಯವಸ್ಥೆ ಚುರುಕಾಗಿದ್ದರೆ ಕೆಲಸ ಕೆಡುತ್ತದೆ; ಅಲ್ಲಿ ಅದು ಎಚ್ಚರವಾಗಿದ್ದೂ ಸುಮ್ಮನಿರಬೇಕು. ಅದನ್ನು ಹಾಗೆ ಸುಮ್ಮನಿರಿಸುವುದರಲ್ಲಿ ಟೆಸ್ಟೋಸ್ಟೆರಾನ್‌ನ ಪಾಲು ದೊಡ್ಡದು. ಆದರೆ ವೀರ್ಯಾಣು ಹುಟ್ಟಬೇಕಾದರೆ ಅದು ಅಲ್ಲಿಯೇ ತಯಾರಾದ ಟೆಸ್ಟೋಸ್ಟೆರಾನ್ ಆಗಿರಬೇಕು. ತೋಳಿನ ಸ್ನಾಯುವಿಗೆ ಚುಚ್ಚಿಸಿಕೊಂಡದ್ದು ಆ ಕೆಲಸ ಮಾಡುವುದಿಲ್ಲ. ಎಷ್ಟಿದೆ ಎಂಬ ಪ್ರಶ್ನೆಗಿಂತ ಎಲ್ಲಿದೆ ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾಗುತ್ತದೆ.

ತನ್ನದೇ ಮನೆಯಲ್ಲಿ ಅಪರಿಚಿತ

ತನ್ನವರು ಯಾರು, ಪರರು ಯಾರು ಎಂಬ ಪಾಠವನ್ನು ರೋಗನಿರೋಧಕ ವ್ಯವಸ್ಥೆ ಬಹಳ ಬೇಗ ಕಲಿಯುತ್ತದೆ. ಎದೆಗೂಡಿನ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯೇ ಅದರ ಶಾಲೆ. ಮಗು ಗರ್ಭದಲ್ಲಿರುವಾಗಲೇ ಆರಂಭವಾಗಿ ಹುಟ್ಟಿದ ಮೊದಲ ವರ್ಷಗಳಲ್ಲಿ ಭರದಿಂದ ಸಾಗುವ ಈ ಶಿಕ್ಷಣದಲ್ಲಿ, ದೇಹದ ಸ್ವಂತ ಪ್ರೋಟೀನುಗಳ ಮೇಲೆ ಎರಗಬಲ್ಲ ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ಹೆಕ್ಕಿ ನಾಶಮಾಡಲಾಗುತ್ತದೆ. ಆ ಹೊತ್ತಿಗೆ ವೀರ್ಯಾಣುಗಳು ಇನ್ನೂ ಹುಟ್ಟಿಯೇ ಇರುವುದಿಲ್ಲ. ಅವು ಕಾಣಿಸಿಕೊಳ್ಳುವುದು ಹನ್ನೆರಡು ಹದಿಮೂರು ವರ್ಷಗಳ ನಂತರ, ಹುಡುಗ ಪ್ರಾಯಕ್ಕೆ ಬಂದಾಗ. ದೇಹದಲ್ಲಿ ಬೇರೆಲ್ಲೂ ಇಲ್ಲದ ಪ್ರೋಟೀನುಗಳನ್ನು ಮೈಮೇಲೆ ಹೊದ್ದುಕೊಂಡು, ಅರ್ಧ ಸಂಖ್ಯೆಯ ವರ್ಣತಂತುಗಳೊಂದಿಗೆ ಬರುವ ಈ ಕೋಶಗಳು ಕಾವಲುಗಾರರ ಕಣ್ಣಿಗೆ ನುಸುಳುಕೋರರಂತೆ ಕಂಡರೆ ಆಶ್ಚರ್ಯವಿಲ್ಲ.

ಇದು ಬರಿಯ ಊಹೆಯಲ್ಲ. ರಷ್ಯಾದ ವಿಜ್ಞಾನಿ ಮೆಟಾಲ್ನಿಕೋವ್ 1900ರಲ್ಲಿಯೇ ಗಿನಿಪಿಗ್‌ಗಳಿಗೆ ಗಿನಿಪಿಗ್‌ಗಳದೇ ವೀರ್ಯಾಣುಗಳನ್ನು ಚುಚ್ಚಿ, ಅವುಗಳ ರಕ್ತದಲ್ಲಿ ವೀರ್ಯಾಣುಗಳ ಓಟವನ್ನು ನಿಲ್ಲಿಸುವ ಪ್ರತಿಕಾಯಗಳು ಹುಟ್ಟುವುದನ್ನು ತೋರಿಸಿದರು. ಅದರ ಮರುವರ್ಷ ಪಾಲ್ ಎರ್ಲಿಕ್, ದೇಹಕ್ಕೆ ತನ್ನನ್ನೇ ವಿಷಮಾಡಿಕೊಳ್ಳುವ ಬಗ್ಗೆ ಸಹಜವಾದ ಭೀತಿ ಇದೆ ಎಂಬ ಪ್ರಸಿದ್ಧ ಮಾತನ್ನು ಹೇಳಿದರು. ಆ ಮಾತಿನ ತೂಕ ಎಷ್ಟಿತ್ತೆಂದರೆ, ಸ್ವಂತ ಅಂಗಾಂಶದ ಮೇಲೆ ದೇಹವೇ ದಾಳಿ ಮಾಡಬಹುದು ಎಂಬುದನ್ನು ಒಪ್ಪಲು ವೈದ್ಯಲೋಕಕ್ಕೆ ದಶಕಗಳೇ ಹಿಡಿದವು. 1950ರ ದಶಕದ ಆರಂಭದಲ್ಲಿ ಗಿನಿಪಿಗ್‌ಗಳಲ್ಲಿ ಪ್ರಯೋಗದ ಮೂಲಕ ವೃಷಣದ ಉರಿಯೂತವನ್ನು ಉಂಟುಮಾಡಲಾಯಿತು. 1954ರಲ್ಲಿ ಅಮೆರಿಕದ ವಿಲ್ಸನ್ ಮತ್ತು ನೆದರ್ಲೆಂಡ್ಸ್‌ನ ರುಮ್ಕೆ, ಒಬ್ಬರಿಗೊಬ್ಬರು ಅರಿಯದೆ, ಮಕ್ಕಳಾಗದ ಗಂಡಸರ ರಕ್ತದಲ್ಲಿ ಅವರದೇ ವೀರ್ಯಾಣುಗಳನ್ನು ಗಂಟುಕಟ್ಟಿಸುವ ಪ್ರತಿಕಾಯಗಳನ್ನು ಕಂಡರು.

ಮಕ್ಕಳಾಗದ ಗಂಡಸರಲ್ಲಿ ಶೇ 5ರಿಂದ 10ರಷ್ಟು ಮಂದಿಯಲ್ಲಿ ಇಂಥ ಪ್ರತಿಕಾಯಗಳು ಸಿಗುತ್ತವೆ ಎಂಬುದು ಇಂದು ಸಾಮಾನ್ಯವಾಗಿ ಹೇಳುವ ಲೆಕ್ಕ. ವೀರ್ಯನಾಳವನ್ನು ಕತ್ತರಿಸುವ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅವು ಹುಟ್ಟುತ್ತವೆ. ಹೊರಹೋಗಲು ದಾರಿಯಿಲ್ಲದ ವೀರ್ಯಾಣುಗಳು ಒಳಗೇ ಕೊಳೆತು ಸೋರುವುದೇ ಇದಕ್ಕೆ ಕಾರಣ. ಹಾಗೆಂದು ಪ್ರತಿಕಾಯ ಇದ್ದವರೆಲ್ಲ ಸಂತಾನಹೀನರಲ್ಲ. ವೀರ್ಯಾಣುವಿನ ಯಾವ ಭಾಗಕ್ಕೆ, ಎಷ್ಟು ವೀರ್ಯಾಣುಗಳಿಗೆ ಅವು ಅಂಟಿಕೊಂಡಿವೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಗೋಡೆ, ಬಾಗಿಲು, ಸೋರಿಕೆ

ಗಂಡಸಿನ ದೇಹ ಈ ಸಮಸ್ಯೆಗೆ ಕಂಡುಕೊಂಡ ಮೊದಲ ಉಪಾಯ ಗೋಡೆ. ವೃಷಣದೊಳಗಿನ ಸುರುಳಿ ನಳಿಕೆಗಳ ಒಳಗೋಡೆಯಲ್ಲಿ ಉದ್ದನೆಯ ಕೋಶಗಳು ಸಾಲಾಗಿ ನಿಂತಿರುತ್ತವೆ. ಇಟಲಿಯ ಎನ್ರಿಕೊ ಸರ್ಟೋಲಿ 1865ರಲ್ಲಿ ವಿವರಿಸಿದ ಈ ಕೋಶಗಳಿಗೆ ಅವರದೇ ಹೆಸರು. ಬೆಳೆಯುತ್ತಿರುವ ವೀರ್ಯಾಣುಗಳನ್ನು ಮಡಿಲಲ್ಲಿಟ್ಟು ಸಾಕುವ ದಾದಿಯರು ಇವರು. ಪಕ್ಕಪಕ್ಕದ ಎರಡು ಸರ್ಟೋಲಿ ಕೋಶಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹೊಲಿದುಕೊಂಡಿರುತ್ತವೆ ಎಂದರೆ, ರಕ್ತದಿಂದ ಬರುವ ಪ್ರತಿಕಾಯಗಳಾಗಲಿ ಬಿಳಿ ರಕ್ತಕಣಗಳಾಗಲಿ ಆ ಹೊಲಿಗೆಯನ್ನು ದಾಟಿ ಒಳಗೆ ಹೋಗಲಾರವು. ಹೊಲಿಗೆಯ ಹೊರಬದಿಯಲ್ಲಿ ಮೂಲಕೋಶಗಳು, ಒಳಬದಿಯಲ್ಲಿ ವೀರ್ಯಾಣುಗಳಾಗುವ ಹಾದಿಯಲ್ಲಿರುವ ಕೋಶಗಳು.

ಈ ಗೋಡೆ ಹುಟ್ಟುವಾಗ ಇರುವುದಿಲ್ಲ. ಪ್ರೌಢಾವಸ್ಥೆಯಲ್ಲಿ, ಮೊದಲ ವೀರ್ಯಾಣುಗಳು ಪಕ್ವವಾಗುವುದಕ್ಕೆ ಮುಂಚೆ, ಅದು ಏಳುತ್ತದೆ. ಅದನ್ನು ಕಟ್ಟುವುದರಲ್ಲಿ ಟೆಸ್ಟೋಸ್ಟೆರಾನ್‌ಗೆ ನೇರ ಪಾತ್ರವಿದೆ. ಇಲಿಗಳಲ್ಲಿ ದೇಹದ ಉಳಿದೆಲ್ಲ ಕಡೆ ಬಿಟ್ಟು ಸರ್ಟೋಲಿ ಕೋಶಗಳಲ್ಲಿ ಮಾತ್ರ ಆಂಡ್ರೊಜನ್ (ಟೆಸ್ಟೋಸ್ಟೆರಾನ್ ಬಗೆಯ ಗಂಡು ಹಾರ್ಮೋನು) ಗ್ರಾಹಕವನ್ನು ಅಳಿಸಿಹಾಕಿದಾಗ, ಹೊಲಿಗೆಯ ಒಂದು ಮುಖ್ಯ ಎಳೆಯಾದ ಕ್ಲಾಡಿನ್-3 ಎಂಬ ಪ್ರೋಟೀನು ಕುಸಿಯಿತು, ಗೋಡೆ ಸೋರತೊಡಗಿತು. ರಕ್ತದಲ್ಲಿ ಆಗ ಟೆಸ್ಟೋಸ್ಟೆರಾನ್ ಇರಲಿಲ್ಲವೆಂದಲ್ಲ. ಅದರ ಮಾತನ್ನು ಕೇಳಿಸಿಕೊಳ್ಳಬೇಕಾದ ಕಿವಿ ಮಾತ್ರ ಇರಲಿಲ್ಲ.

ಗೋಡೆಯ ಸೊಗಸು ಇರುವುದು ಅದರ ಬಾಗಿಲಲ್ಲಿ. ಮನುಷ್ಯನಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಆ ಅವಧಿಯಲ್ಲಿ ಬೆಳೆಯುವ ಕೋಶ ಗೋಡೆಯ ಹೊರಬದಿಯಿಂದ ಒಳಬದಿಗೆ ದಾಟಲೇಬೇಕು. ಅದಕ್ಕಾಗಿ ಗೋಡೆಯನ್ನು ಒಡೆಯುವಂತಿಲ್ಲ. ಹೊಸ ಹೊಲಿಗೆ ಕೋಶದ ಹಿಂದೆ ಬಿದ್ದ ಮೇಲೆಯೇ ಮುಂದಿನ ಹಳೆಯ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಎರಡು ಬಾಗಿಲ ನಡುವಿನ ಕೋಣೆಯಂತೆ. ಒಂದು ಮುಚ್ಚದೆ ಇನ್ನೊಂದು ತೆರೆಯದು. ಹೊಸ ಹೊಲಿಗೆ ಹಾಕುವ ಕೆಲಸಕ್ಕೆ ಇಂಬುಕೊಡುವುದು ಟೆಸ್ಟೋಸ್ಟೆರಾನ್, ಹಳೆಯದನ್ನು ಸಡಿಲಿಸುವುದರಲ್ಲಿ ಉರಿಯೂತದ ಸಂದೇಶವಾಹಕಗಳಾದ ಸೈಟೊಕೈನ್‌ಗಳ ಕೈವಾಡವಿದೆ. ಹಾರ್ಮೋನು ಮತ್ತು ರೋಗನಿರೋಧಕ ವ್ಯವಸ್ಥೆ ಒಂದೇ ಬಾಗಿಲಿನ ಎರಡು ಕೀಲುಗಳಾಗಿ ದುಡಿಯುವ ಉದಾಹರಣೆ ಇದಕ್ಕಿಂತ ಚೆನ್ನಾದದ್ದು ನನಗೆ ಕಂಡಿಲ್ಲ.

ಬಹಳ ಕಾಲ ಪಠ್ಯಪುಸ್ತಕಗಳು ಇಲ್ಲಿಗೇ ನಿಂತಿದ್ದವು: ಗೋಡೆ ಇದೆ, ಆದ್ದರಿಂದ ವೀರ್ಯಾಣು ಸುರಕ್ಷಿತ. ಈ ಚಿತ್ರ ಅಪೂರ್ಣ ಎಂಬುದು 2017ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಕೆಲಸದಿಂದ ಸ್ಪಷ್ಟವಾಯಿತು. ವೀರ್ಯಾಣುಗಳ ಕೆಲವು ಪ್ರೋಟೀನುಗಳು ಆರೋಗ್ಯವಂತ ವೃಷಣದಲ್ಲೂ ನಳಿಕೆಯಿಂದ ಹೊರಕ್ಕೆ ಸದಾ ಸ್ವಲ್ಪ ಸ್ವಲ್ಪ ಸೋರುತ್ತಿರುತ್ತವೆ. ಈ ಸೋರಿಕೆಯೇ ಹೊರಗಿನ ನಿಯಂತ್ರಕ ಟಿ ಕೋಶಗಳಿಗೆ ಪಾಠವಾಗುತ್ತದೆ. ಅವು ಇತರ ಟಿ ಕೋಶಗಳನ್ನು ಸಮಾಧಾನದಲ್ಲಿಡುತ್ತವೆ. ನಿಯಂತ್ರಕ ಕೋಶಗಳನ್ನು ತೆಗೆದರೆ ಸೋರುವ ಆ ಪ್ರೋಟೀನುಗಳ ವಿರುದ್ಧವೇ ಪ್ರತಿಕಾಯಗಳು ಹುಟ್ಟುತ್ತವೆ. ಗೋಡೆಯ ಹಿಂದೆ ಪೂರ್ತಿ ಅಡಗಿರುವ ಪ್ರೋಟೀನುಗಳ ಪರಿಚಯ ಮಾತ್ರ ಯಾರಿಗೂ ಇರುವುದಿಲ್ಲ, ಶಸ್ತ್ರಚಿಕಿತ್ಸೆಯಿಂದಲೋ ಪೆಟ್ಟಿನಿಂದಲೋ ಗೋಡೆ ಬಿರುಕುಬಿಟ್ಟಾಗ ಅವೇ ಅಪಾಯಕಾರಿ. ಅಂದರೆ ಗೋಡೆಯ ಜೊತೆಗೆ ಒಂದು ಮಾತುಕತೆಯೂ ನಡೆಯುತ್ತಿರುತ್ತದೆ.

ಮನುಷ್ಯರಲ್ಲಿ ಇದಕ್ಕೆ ಒಂದು ವಿರಳ ಕಾಯಿಲೆ ಸಾಕ್ಷಿ ನುಡಿಯುತ್ತದೆ. ಥೈಮಸ್ಸಿನಲ್ಲಿ ದೇಹದ ನಾನಾ ಅಂಗಗಳ ಪ್ರೋಟೀನುಗಳನ್ನು ಟಿ ಕೋಶಗಳಿಗೆ ತೋರಿಸಿ ಪರಿಚಯಿಸುವ ವಂಶವಾಹಿಯ ಹೆಸರು ಏರ್. ಅದು ಕೆಟ್ಟವರಿಗೆ ಒಂದಾದ ಮೇಲೊಂದು ಗ್ರಂಥಿಗಳ ಮೇಲೆ ಸ್ವಂತ ದಾಳಿ ನಡೆಯುತ್ತದೆ. ಆ ರೋಗಿಗಳಲ್ಲಿ ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಟಿಜಿಎಂ-4 ಎಂಬ ಪ್ರೋಟೀನಿನ ವಿರುದ್ಧವೂ ಪ್ರತಿಕಾಯಗಳು ಸಿಗುತ್ತವೆ. ಆದರೆ ಹುಡುಗರಲ್ಲಿ ಅವು ಇರುವುದಿಲ್ಲ, ಪ್ರೌಢಾವಸ್ಥೆಯ ನಂತರವೇ ಕಾಣಿಸಿಕೊಳ್ಳುತ್ತವೆ. ಟೆಸ್ಟೋಸ್ಟೆರಾನ್ ಬಂದು ಪ್ರಾಸ್ಟೇಟನ್ನು ಎಬ್ಬಿಸುವವರೆಗೆ ಆ ಪ್ರೋಟೀನೇ ಇರುವುದಿಲ್ಲ. ಗುರಿ ಹುಟ್ಟಿದ ಮೇಲೆ ಬಾಣ.

ನೆರೆಮನೆಯ ಲೇಡಿಗ್ ಮತ್ತು ಮ್ಯಾಕ್ರೋಫೇಜ್

ನಳಿಕೆಗಳ ನಡುವಿನ ಸಂದಿಗಳಲ್ಲಿ ಇನ್ನೊಂದು ಬಗೆಯ ಕೋಶಗಳಿವೆ. ಜರ್ಮನಿಯ ಫ್ರಾಂಜ್ ಲೇಡಿಗ್ 1850ರಲ್ಲಿ ಅವನ್ನು ಗುರುತಿಸಿದರು. ಅವುಗಳ ಕಸುಬು ಕೊಲೆಸ್ಟರಾಲ್‌ನಿಂದ ಟೆಸ್ಟೋಸ್ಟೆರಾನ್ ತಯಾರಿಸುವುದು. ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಬಂದು ತಟ್ಟಿದಾಗ, ಸ್ಟಾರ್ ಎಂಬ ಪ್ರೋಟೀನು ಕೊಲೆಸ್ಟರಾಲನ್ನು ಮೈಟೊಕಾಂಡ್ರಿಯದ ಒಳಪೊರೆಗೆ ಸಾಗಿಸುತ್ತದೆ. ಅಲ್ಲಿಂದ ಮುಂದೆ ಕಿಣ್ವಗಳ ಸಾಲು. ಹೀಗೆ ತಯಾರಾದ ಟೆಸ್ಟೋಸ್ಟೆರಾನ್ ವೃಷಣದೊಳಗೆ ರಕ್ತದಲ್ಲಿರುವುದಕ್ಕಿಂತ 50ರಿಂದ 100 ಪಟ್ಟು ಸಾಂದ್ರವಾಗಿರುತ್ತದೆ. ವೀರ್ಯಾಣು ಉತ್ಪಾದನೆ ನಂಬಿಕೊಂಡಿರುವುದು ಈ ಒಳಗಿನ ಸಾಂದ್ರತೆಯನ್ನು. ರಕ್ತಪರೀಕ್ಷೆ ಅಳೆಯುವುದು ಹೊರಗಿನದನ್ನು. ವರದಿಯ ಅಂಕಿಯ ಬಗ್ಗೆ ನಾನು ಆರಂಭದಲ್ಲಿ ಅಪಸ್ವರ ಎತ್ತಿದ್ದು ಇದಕ್ಕಾಗಿ.

ಲೇಡಿಗ್ ಕೋಶಗಳ ಪಕ್ಕದ ಮನೆಯವರು ಮ್ಯಾಕ್ರೋಫೇಜ್‌ಗಳು. ಸೋಂಕನ್ನು ನುಂಗಿ ಅರಗಿಸುವ, ರೋಗನಿರೋಧಕ ವ್ಯವಸ್ಥೆಯ ಹಳೆಯ ಬಂಟರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಎರಡು ಕೋಶಗಳು ಬೆರಳಿಗೆ ಬೆರಳು ಹೆಣೆದು ಕುಳಿತಂತೆ ಕಾಣುತ್ತವೆ. ಇಲಿಗಳಲ್ಲಿ ಮ್ಯಾಕ್ರೋಫೇಜ್‌ಗಳನ್ನು ಇಲ್ಲವಾಗಿಸಿದರೆ ಲೇಡಿಗ್ ಕೋಶಗಳು ಸರಿಯಾಗಿ ಬೆಳೆಯುವುದಿಲ್ಲ, ಟೆಸ್ಟೋಸ್ಟೆರಾನ್ ಇಳಿಯುತ್ತದೆ. ಮ್ಯಾಕ್ರೋಫೇಜ್‌ಗಳು ಕೊಲೆಸ್ಟರಾಲನ್ನು ಅರ್ಧ ಪಳಗಿಸಿ, ಲೇಡಿಗ್ ಕೋಶಗಳು ಸುಲಭವಾಗಿ ಬಳಸಬಲ್ಲ ರೂಪದಲ್ಲಿ ಒದಗಿಸಬಲ್ಲವು ಎಂಬುದೂ ತಿಳಿದಿದೆ. ಪ್ರತಿಯಾಗಿ, ವೃಷಣದ ಸಂದಿದ್ರವದಲ್ಲಿರುವ ಸ್ಟೀರಾಯ್ಡ್‌ಗಳು ಮತ್ತು ಪ್ರೊಸ್ಟಗ್ಲಾಂಡಿನ್‌ಗಳು ಅಲ್ಲಿಗೆ ಬಂದ ಮ್ಯಾಕ್ರೋಫೇಜ್‌ಗಳ ಸ್ವಭಾವವನ್ನೇ ಬದಲಿಸಿ, ಹೊಡೆದಾಡುವವರನ್ನು ರಿಪೇರಿ ಮಾಡುವವರನ್ನಾಗಿಸುತ್ತವೆ. ಇಲಿಗಳ ಮೇಲೆ ನಡೆದ ಕೆಲಸದಲ್ಲಿ, ಪ್ರಯೋಗದಿಂದ ಉಂಟುಮಾಡಿದ ವೃಷಣದ ಉರಿಯೂತ ಟೆಸ್ಟೋಸ್ಟೆರಾನ್ ಕೊಟ್ಟಾಗ ತಗ್ಗಿತು, ನಿಯಂತ್ರಕ ಟಿ ಕೋಶಗಳು ಹೆಚ್ಚಿದವು.

ಶಾಂತಿ ಕದಡಿದಾಗ ಕಥೆ ತಿರುಗುತ್ತದೆ. ಸೋಂಕೋ ಪೆಟ್ಟೋ ಬಂದಾಗ ಇದೇ ಮ್ಯಾಕ್ರೋಫೇಜ್‌ಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಮುಂತಾದ ಸೈಟೊಕೈನ್‌ಗಳನ್ನು ಸುರಿಸುತ್ತವೆ. ಅವು ಸ್ಟಾರ್ ಪ್ರೋಟೀನನ್ನೂ ಮುಂದಿನ ಕಿಣ್ವಗಳನ್ನೂ ಅದುಮುತ್ತವೆ. ಮಿದುಳಿನ ಮಟ್ಟದಲ್ಲೂ ಎಲ್‌ಎಚ್ ಮಿಡಿತಗಳು ಕುಗ್ಗುತ್ತವೆ. ದೊಡ್ಡ ಶಸ್ತ್ರಚಿಕಿತ್ಸೆ, ಸುಟ್ಟಗಾಯ, ರಕ್ತಕ್ಕೆ ಹರಡಿದ ಸೋಂಕು, ಯಾವುದಾದರೂ ಸರಿ, ಟೆಸ್ಟೋಸ್ಟೆರಾನ್ ಧೊಪ್ಪನೆ ಬೀಳುತ್ತದೆ. ಇದು ರೋಗವಲ್ಲ, ಬಹುಶಃ ದೇಹದ ಜಾಣತನ: ಮನೆಗೆ ಬೆಂಕಿ ಬಿದ್ದಾಗ ಮದುವೆ ಮಾತುಕತೆ ಬೇಡ. ಆದ್ದರಿಂದ ಜ್ವರದಲ್ಲಿ ಮಲಗಿರುವವನ ಟೆಸ್ಟೋಸ್ಟೆರಾನ್ ಅಳೆದು ಕೊರತೆ ಎಂದು ಹಣೆಪಟ್ಟಿ ಹಚ್ಚುವುದು ತಪ್ಪು. ತೀವ್ರ ಜ್ವರ ಬಂದುಹೋದ ಕೆಲವು ವಾರಗಳ ನಂತರ ವೀರ್ಯಾಣು ಸಂಖ್ಯೆ ಕುಸಿಯುವುದೂ, ಸುಮಾರು ಮೂರು ತಿಂಗಳಲ್ಲಿ ಚೇತರಿಸಿಕೊಳ್ಳುವುದೂ ಇದೇ ಲೆಕ್ಕಾಚಾರದ ಫಲ. ಮೊದಲೇ ಹೇಳಿದ 74 ದಿನಗಳನ್ನು ನೆನೆಯಿರಿ.

ಮಂಗನಬಾವಿನ ವೈರಸ್ ಇದರ ಕಠಿಣ ಉದಾಹರಣೆ. ಪ್ರಾಯಕ್ಕೆ ಬಂದ ನಂತರ ಈ ಸೋಂಕು ತಗುಲಿದ ಗಂಡಸರಲ್ಲಿ ಶೇ 15ರಿಂದ 30ರಷ್ಟು ಮಂದಿಗೆ ವೃಷಣ ಊದಿಕೊಳ್ಳುತ್ತದೆ, ಬಹುಪಾಲು ಒಂದೇ ಬದಿಯಲ್ಲಿ. ಚಿಕ್ಕ ಹುಡುಗರಲ್ಲಿ ಇದು ಅಪರೂಪ. ಊತ ಇಳಿದ ಮೇಲೆ ಕೆಲವರಲ್ಲಿ ವೃಷಣ ಕುಗ್ಗುತ್ತದೆ, ಆದರೆ ಪೂರ್ತಿ ಸಂತಾನಹೀನತೆ ವಿರಳ. ಬಾಲ್ಯದ ಲಸಿಕೆಯೊಂದು ಮುಂದೆ ಗಂಡಸಿನ ಫಲವತ್ತತೆಯನ್ನು ಕಾಯುತ್ತದೆ ಎಂಬುದನ್ನು ಲಸಿಕೆಯ ಚರ್ಚೆಗಳಲ್ಲಿ ಯಾರೂ ಎತ್ತಿ ಹೇಳುವುದಿಲ್ಲ. ಯಾಕೋ ತಿಳಿಯದು.

ಇಡೀ ದೇಹಕ್ಕೆ ಹೋದರೆ ಸೂತ್ರ ಕೈಕೊಡುತ್ತದೆ

ಇಷ್ಟು ಓದಿದವರು ‘ಹಾಗಾದರೆ ಟೆಸ್ಟೋಸ್ಟೆರಾನ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ’ ಎಂದು ಗೆರೆ ಎಳೆಯಬಹುದು. ಆ ಗೆರೆಗೆ ಆಧಾರವೂ ಇದೆ. ಬೀಜ ಒಡೆದ ಮೊಲಗಳಲ್ಲಿ ಥೈಮಸ್ ದೊಡ್ಡದಾಗುತ್ತದೆ ಎಂಬುದನ್ನು ಇಟಲಿಯ ಕಾಲ್ಜೊಲಾರಿ 1898ರಲ್ಲೇ ದಾಖಲಿಸಿದ್ದರು. ದೇಹ ತನ್ನ ಮೇಲೆ ತಾನೇ ದಾಳಿ ಮಾಡುವ ಲೂಪಸ್ ಎಂಬ ಕಾಯಿಲೆ ಒಬ್ಬ ಗಂಡಸಿಗೆ ಬಂದರೆ ಸುಮಾರು ಒಂಬತ್ತು ಹೆಂಗಸರಿಗೆ ಬರುತ್ತದೆ. ಇನ್‌ಫ್ಲುಯೆಂಜಾ ಲಸಿಕೆ ಪಡೆದವರನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಟೆಸ್ಟೋಸ್ಟೆರಾನ್ ಹೆಚ್ಚಿದ್ದ ಗಂಡಸರಲ್ಲಿ ಪ್ರತಿಕಾಯಗಳು ಹುಟ್ಟಿದ್ದು ಕಡಿಮೆ. ಟೆಸ್ಟೋಸ್ಟೆರಾನ್ ಕಡಿಮೆ ಇದ್ದ ಗಂಡಸರು ಹೆಂಗಸರ ಸಮೀಪಕ್ಕೆ ಬಂದರು. 1992ರಲ್ಲಿ ಫೋಲ್‌ಸ್ಟಾಡ್ ಮತ್ತು ಕಾರ್ಟರ್ ಎಂಬ ಇಬ್ಬರು ಜೀವವಿಜ್ಞಾನಿಗಳು ಇದಕ್ಕೊಂದು ವಿಕಾಸವಾದಿ ಕಥೆಯನ್ನೂ ಕೊಟ್ಟಿದ್ದರು: ಗಂಡಿನ ಬೆಡಗು ಬಿನ್ನಾಣಗಳಿಗೆ ಟೆಸ್ಟೋಸ್ಟೆರಾನ್ ಬೇಕು, ಅದರ ಬೆಲೆಯಾಗಿ ಗಂಡು ರೋಗನಿರೋಧಕ ಶಕ್ತಿಯನ್ನು ತೆರುತ್ತದೆ, ಆ ಬೆಲೆ ತೆರಬಲ್ಲವನೇ ಗಟ್ಟಿಗ ಎಂದು ಹೆಣ್ಣು ಅರಿಯುತ್ತದೆ.

ಕಥೆ ಚೆಂದ. ಆದರೆ ಪ್ರಾಣಿಪಕ್ಷಿಗಳ ಮೇಲೆ ನಡೆದ ಪರೀಕ್ಷೆಗಳ ಫಲಿತಾಂಶ ಕಲಸುಮೇಲೋಗರ. ಮನುಷ್ಯರಲ್ಲೂ ಹಾಗೆಯೇ. ಕ್ಲೈನ್‌ಫೆಲ್ಟರ್ ಸ್ಥಿತಿಯ ಗಂಡಸರಲ್ಲಿ ಒಂದು ಎಕ್ಸ್ ವರ್ಣತಂತು ಹೆಚ್ಚುವರಿಯಾಗಿ ಇರುತ್ತದೆ, ಟೆಸ್ಟೋಸ್ಟೆರಾನ್ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಅವರಿಗೆ ಲೂಪಸ್ ಬರುವ ಸಂಭವ ಇತರ ಗಂಡಸರಿಗಿಂತ ಸುಮಾರು 14 ಪಟ್ಟು, ಹೆಚ್ಚುಕಡಿಮೆ ಹೆಂಗಸರಷ್ಟೇ. ಇದನ್ನು ಹಾರ್ಮೋನಿನ ಲೆಕ್ಕಕ್ಕೆ ಹಾಕಲು ಕೈ ತವಕಿಸುತ್ತದೆ. ಆದರೆ ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸುವ ಟಿಎಲ್‌ಆರ್-7 ಎಂಬ ವಂಶವಾಹಿ ಕುಳಿತಿರುವುದು ಎಕ್ಸ್ ವರ್ಣತಂತುವಿನ ಮೇಲೆ, ಎರಡನೆಯ ಪ್ರತಿಯೂ ಕೆಲವು ಕೋಶಗಳಲ್ಲಿ ದುಡಿಯುತ್ತದೆ. ಹಾರ್ಮೋನಿನ ಪಾಲೆಷ್ಟು, ವರ್ಣತಂತುವಿನ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಇದನ್ನು ಬಿಡಿಸಲು ಒಳ್ಳೆಯ ಅವಕಾಶ ಒದಗಿದ್ದು, ಹೆಣ್ಣಿನ ದೇಹದಿಂದ ಗಂಡಾಗಿ ಪರಿವರ್ತನೆಗೊಳ್ಳಲು ಟೆಸ್ಟೋಸ್ಟೆರಾನ್ ಪಡೆಯುತ್ತಿದ್ದ 23 ಮಂದಿಯ ರಕ್ತವನ್ನು ಕಾಲಕಾಲಕ್ಕೆ ಪರೀಕ್ಷಿಸಿದ ಸ್ವೀಡನ್ನಿನ ಅಧ್ಯಯನದಲ್ಲಿ. 2024ರಲ್ಲಿ ಪ್ರಕಟವಾದ ಅದರಲ್ಲಿ ವರ್ಣತಂತು ಅದೇ, ವ್ಯಕ್ತಿ ಅವರೇ, ಬದಲಾದದ್ದು ಹಾರ್ಮೋನು ಮಾತ್ರ. ವೈರಸ್ಸಿನ ವಿರುದ್ಧ ಮೊದಲ ತುತ್ತೂರಿಯಾದ ಒಂದನೇ ಬಗೆಯ ಇಂಟರ್‌ಫೆರಾನ್ ಪ್ರತಿಕ್ರಿಯೆ ತಗ್ಗಿತು. ಅದೇ ಹೊತ್ತಿಗೆ ಟಿಎನ್‌ಎಫ್‌ನ ಉರಿಯೂತದ ದಾರಿ ಬಲಗೊಂಡಿತು. ಒಂದು ಕಡೆ ಇಳಿಕೆ, ಇನ್ನೊಂದು ಕಡೆ ಏರಿಕೆ. ಮೇಲೆ ಎಳೆದ ಗೆರೆ ಇಲ್ಲಿಗೆ ಮುರಿಯಿತು.

ಕೋವಿಡ್ ಕಾಲದಲ್ಲಿ ಇದೇ ಅವಸರದ ಗೆರೆಯನ್ನು ನಂಬಿ ಪ್ರಯೋಗಗಳೂ ನಡೆದವು. ಗಂಡಸರೇ ಹೆಚ್ಚು ಸಾಯುತ್ತಿದ್ದರು. ವೈರಸ್ ಕೋಶದೊಳಗೆ ನುಗ್ಗಲು ಬಳಸುವ ಟಿಎಂಪಿಆರ್‌ಎಸ್‌ಎಸ್-2 ಎಂಬ ಕಿಣ್ವವನ್ನು ಪ್ರಾಸ್ಟೇಟಿನಲ್ಲಿ ಆಂಡ್ರೊಜನ್ ಹೆಚ್ಚಿಸುತ್ತದೆ. ಆದ್ದರಿಂದ ಟೆಸ್ಟೋಸ್ಟೆರಾನನ್ನು ಅಡಗಿಸಿದರೆ ಜೀವ ಉಳಿದೀತು ಎಂಬ ತರ್ಕ. ಆಸ್ಪತ್ರೆಗೆ ಸೇರಿದ್ದ ಗಂಡಸರಿಗೆ ಡೆಗರೆಲಿಕ್ಸ್ ಕೊಟ್ಟು ನೋಡಿದರು, ಎನ್‌ಜಾಲುಟಮೈಡ್ ಕೊಟ್ಟು ನೋಡಿದರು. ಪ್ರಯೋಜನ ಕಾಣಲಿಲ್ಲ. ಅತ್ತ ತೀವ್ರವಾಗಿ ನರಳಿದ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಮೊದಲೇ ಪಾತಾಳಕ್ಕೆ ಇಳಿದಿತ್ತು.

ಕಾರ್ಟಿಸಾಲ್ ಎಂಬ ದಾಯಾದಿ

ಸ್ಟೀರಾಯ್ಡ್ ಎಂದೊಡನೆ ಟೆಸ್ಟೋಸ್ಟೆರಾನ್ ಒಂದನ್ನೇ ನೆನೆಯುವುದು ಅನ್ಯಾಯ. ಅದೇ ಕೊಲೆಸ್ಟರಾಲ್‌ನಿಂದ ಅಡ್ರಿನಲ್ ಗ್ರಂಥಿಗಳು ತಯಾರಿಸುವ ಕಾರ್ಟಿಸಾಲ್ ಉರಿಯೂತವನ್ನು ಅಡಗಿಸುವುದರಲ್ಲಿ ಎಲ್ಲರಿಗಿಂತ ಬಲಶಾಲಿ. ಅದರ ಸಂಬಂಧಿ ಕಾರ್ಟಿಸೋನನ್ನು 1948ರಲ್ಲಿ ಫಿಲಿಪ್ ಹೆಂಚ್ ಸಂಧಿವಾತದ ರೋಗಿಗೆ ಕೊಟ್ಟು, ಎದ್ದು ನಡೆಯಲಾಗದವರು ನಡೆದಾಡುವುದನ್ನು ಕಂಡರು. ಎರಡೇ ವರ್ಷಗಳಲ್ಲಿ ನೊಬೆಲ್ ಬಂತು. ಆದರೆ ಕಾರ್ಟಿಸಾಲ್ ದೀರ್ಘಕಾಲ ಏರಿ ನಿಂತರೆ ಮಿದುಳಿನಿಂದ ವೃಷಣಕ್ಕೆ ಹೋಗುವ ಸಂದೇಶ ಮಂಕಾಗುತ್ತದೆ. ಲೇಡಿಗ್ ಕೋಶಗಳ ಬಳಿ ಕಾರ್ಟಿಸಾಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವಿದೆ. ಅದು ಸಾಧಾರಣ ಒತ್ತಡದ ದಿನಗಳಿಗೆ ಸಾಕು, ತಿಂಗಳುಗಟ್ಟಲೆಯ ಪ್ರವಾಹಕ್ಕೆ ಸಾಲದು.

ಈ ದಾಯಾದಿಯನ್ನು ನೇರವಾಗಿ ಫಲವತ್ತತೆಯ ಚಿಕಿತ್ಸೆಗೆ ಬಳಸಿದ ಒಂದು ಅಧ್ಯಾಯವೂ ಇದೆ. ವೀರ್ಯಾಣುಗಳ ವಿರುದ್ಧ ಪ್ರತಿಕಾಯ ಇರುವ ಗಂಡಸರಿಗೆ 1980ರ ದಶಕದಲ್ಲಿ ಕಾರ್ಟಿಸಾಲ್ ತರಹ ವರ್ತಿಸುವ ಪ್ರೆಡ್ನಿಸೊಲೋನ್ ಎಂಬ ಔಷಧವನ್ನು ತಿಂಗಳುಗಟ್ಟಲೆ ಕೊಡುವ ಪದ್ಧತಿ ಇತ್ತು. ಕೆಲವು ಪರೀಕ್ಷೆಗಳಲ್ಲಿ ಗರ್ಭಧಾರಣೆ ಹೆಚ್ಚಿತು, ಕೆಲವದರಲ್ಲಿ ಏನೂ ಆಗಲಿಲ್ಲ. ಅಡ್ಡಪರಿಣಾಮಗಳಲ್ಲಿ ಮೊಗದ ಊತ, ನಿದ್ರೆಗೇಡಿನಂಥವು ಸಹಿಸಬಹುದಾದವು. ಸೊಂಟದ ಕೀಲಿನ ಮೂಳೆ ರಕ್ತವಿಲ್ಲದೆ ಸಾಯುವುದು ಹಾಗಲ್ಲ. ಮಗು ಬೇಕೆಂದು ಬಂದ ಆರೋಗ್ಯವಂತ ಯುವಕನಿಗೆ ಕೃತಕ ಕೀಲು ಹಾಕಿಸಬೇಕಾಗಿ ಬಂದರೆ ಆ ಚಿಕಿತ್ಸೆಯನ್ನು ಸಮರ್ಥಿಸುವುದು ಕಷ್ಟ. 1992ರಲ್ಲಿ ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಇಡುವ ಇಕ್ಸಿ ವಿಧಾನದಿಂದ ಗರ್ಭ ನಿಂತ ವರದಿ ಬ್ರಸೆಲ್ಸ್‌ನಿಂದ ಬಂದ ಮೇಲೆ ಪ್ರತಿಕಾಯಗಳ ಪ್ರಶ್ನೆಯನ್ನೇ ಬದಿಗೆ ಸರಿಸಿ ಮುಂದೆ ಹೋಗುವ ದಾರಿ ತೆರೆಯಿತು. ಸಮಸ್ಯೆ ಬಗೆಹರಿಯಲಿಲ್ಲ, ಅದನ್ನು ಸುತ್ತುಹಾಕಿ ಮುಂದೆ ಹೋದೆವು. ಆ ಪ್ರತಿಕಾಯಗಳು ಏಕೆ ಹುಟ್ಟಿದವು ಎಂಬ ಕುತೂಹಲ ಚಿಕಿತ್ಸಾಲಯಗಳಲ್ಲಿ ಅಂದಿನಿಂದ ತಣ್ಣಗಾಯಿತು ಎಂಬುದು ನನ್ನ ತಕರಾರು.

ಈಸ್ಟ್ರೋಜನ್ ಕೂಡ ಗಂಡಸಿಗೆ ಬೇಕು. ವೃಷಣದಿಂದ ಹೊರಡುವ ಸಣ್ಣ ನಾಳಗಳಲ್ಲಿ ದ್ರವವನ್ನು ಹೀರಿ ವೀರ್ಯಾಣುಗಳನ್ನು ಸಾಂದ್ರಗೊಳಿಸುವ ಕೆಲಸ ಅದರ ಗ್ರಾಹಕದ್ದು. ಆ ಗ್ರಾಹಕವಿಲ್ಲದ ಗಂಡು ಇಲಿಗಳು ಬಂಜೆ ಎಂಬುದು 1990ರ ದಶಕದಲ್ಲೇ ಗೊತ್ತಾಯಿತು. ಬೊಜ್ಜಿನಲ್ಲಿ ಈ ಸಮತೋಲ ತಪ್ಪುತ್ತದೆ. ಕೊಬ್ಬಿನ ಅಂಗಾಂಶದ ಅರೋಮಟೇಸ್ ಕಿಣ್ವ ಟೆಸ್ಟೋಸ್ಟೆರಾನನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ, ಅದೇ ಕೊಬ್ಬು ಟಿಎನ್‌ಎಫ್‌ನಂಥ ಸೈಟೊಕೈನ್‌ಗಳನ್ನೂ ಸುರಿಸುತ್ತದೆ. ಎರಡೂ ಸೇರಿ ಎಲ್‌ಎಚ್‌ನ ಬಾಯಿ ಕಟ್ಟುತ್ತವೆ. ಟೆಸ್ಟೋಸ್ಟೆರಾನ್ ಇಳಿದಷ್ಟೂ ಕೊಬ್ಬು ಸೇರುವುದು ಸಲೀಸು. ಈ ಸುಳಿಯಲ್ಲಿ ಸಿಕ್ಕವರಲ್ಲಿ ತೂಕ ಇಳಿದಾಗ ಟೆಸ್ಟೋಸ್ಟೆರಾನ್ ತಾನಾಗಿ ಏರುವುದನ್ನು ಮತ್ತೆ ಮತ್ತೆ ಕಂಡಿದ್ದಾರೆ.

ಗೋಡೆಯಿಲ್ಲದ ಹಾದಿ

ವೃಷಣದಿಂದ ಹೊರಬಿದ್ದ ವೀರ್ಯಾಣು ಎಪಿಡಿಡಿಮಿಸ್ ಎಂಬ ಮೀಟರುಗಟ್ಟಲೆ ಉದ್ದದ ಸುರುಳಿ ನಾಳದಲ್ಲಿ ಪಳಗುತ್ತದೆ. ಇಲ್ಲಿ ಸರ್ಟೋಲಿಯಂಥ ಬಿಗಿ ಗೋಡೆಯಿಲ್ಲ. ಕೆಳಗಿನ ಮೂತ್ರನಾಳದಿಂದ ಬ್ಯಾಕ್ಟೀರಿಯಾ ಹತ್ತಿಬರಬಹುದು, ಆದ್ದರಿಂದ ಈ ನಾಳ ವೀರ್ಯಾಣುವನ್ನು ಸಹಿಸಬೇಕು, ಸೋಂಕನ್ನು ಸಹಿಸಬಾರದು. ಅದಕ್ಕಾಗಿ ಅದು ಡಿಫೆನ್ಸಿನ್ ಎಂಬ ಪುಟ್ಟ ಪ್ರೋಟೀನುಗಳನ್ನು ಬಳಸುತ್ತದೆ. ಆಂಡ್ರೊಜನ್‌ನ ಅಂಕೆಯಲ್ಲಿ ತಯಾರಾಗುವ ಇವುಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ, ಕೆಲವು ವೀರ್ಯಾಣುವಿನ ಮೈಗೆ ಹೊದಿಕೆಯಾಗಿ ಹೆಣ್ಣಿನ ದೇಹದ ಕಾವಲುಗಾರರಿಂದ ಅದನ್ನು ಮರೆಮಾಡುತ್ತವೆ. ಬ್ಯಾಕ್ಟೀರಿಯಾ ಸೋಂಕಿನಿಂದ ಶಾಶ್ವತ ಹಾನಿ ವೃಷಣಕ್ಕಿಂತ ಹೆಚ್ಚಾಗಿ ಆಗುವುದು ಈ ನಾಳದ ಬಾಲದ ತುದಿಗೆ. ಗಾಯ ಮಾಯುವಾಗ ನಾಳವೇ ಮುಚ್ಚಿಹೋಗಬಹುದು.

ವೀರ್ಯದ್ರವವೂ ಸುಮ್ಮನಿರುವ ನೀರಲ್ಲ. ಅದರಲ್ಲಿ ಉರಿಯೂತವನ್ನು ತಣಿಸುವ ಟಿಜಿಎಫ್-ಬೀಟಾ, ಪ್ರೊಸ್ಟಗ್ಲಾಂಡಿನ್‌ಗಳು ಧಾರಾಳವಾಗಿವೆ. ಪ್ರೊಸ್ಟಗ್ಲಾಂಡಿನ್ ಎಂಬ ಹೆಸರು ಬಂದದ್ದೇ 1930ರ ದಶಕದಲ್ಲಿ ಅದನ್ನು ವೀರ್ಯದಲ್ಲಿ ಕಂಡು ಪ್ರಾಸ್ಟೇಟಿನದೆಂದು ಭಾವಿಸಿದ್ದರಿಂದ. ಅದು ಮುಖ್ಯವಾಗಿ ವೀರ್ಯಕೋಶದ ಗ್ರಂಥಿಗಳದ್ದು ಎಂದು ಆಮೇಲೆ ತಿಳಿಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ವೀರ್ಯದ ಒಂದು ಮಿಲಿಲೀಟರಿನಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಬಿಳಿ ರಕ್ತಕಣಗಳಿದ್ದರೆ ಪ್ರಯೋಗಾಲಯ ಎಚ್ಚರಿಸುತ್ತದೆ. ಅವು ಚೆಲ್ಲುವ ಆಮ್ಲಜನಕದ ಉಗ್ರ ರೂಪಗಳು ವೀರ್ಯಾಣುವಿನ ಪೊರೆಯನ್ನೂ ಡಿಎನ್‌ಎಯನ್ನೂ ಕೊರೆಯಬಲ್ಲವು.

ಹೊರಗಿನಿಂದ ಬಂದ ಟೆಸ್ಟೋಸ್ಟೆರಾನ್

ಈಗ ಆ ಜಾಹೀರಾತಿಗೆ ಮರಳೋಣ. ಚುಚ್ಚುಮದ್ದಿನಿಂದ ರಕ್ತದ ಟೆಸ್ಟೋಸ್ಟೆರಾನ್ ಏರಿದಾಗ ಪಿಟ್ಯೂಟರಿ ಗ್ರಂಥಿ ‘ಸಾಕಷ್ಟಿದೆ’ ಎಂದು ಎಲ್‌ಎಚ್ ನಿಲ್ಲಿಸುತ್ತದೆ. ಲೇಡಿಗ್ ಕೋಶಗಳು ಕೈಕಟ್ಟಿ ಕೂರುತ್ತವೆ. ರಕ್ತದಲ್ಲಿ ಪ್ರವಾಹ, ವೃಷಣದೊಳಗೆ ಬರ. ಸರ್ಟೋಲಿ ಕೋಶಗಳು ನಂಬಿದ್ದ ಆ 50, 100 ಪಟ್ಟಿನ ಸಾಂದ್ರತೆ ಮಾಯ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತು: ವಾರಕ್ಕೆ 200 ಮಿಲಿಗ್ರಾಂ ಚುಚ್ಚುಮದ್ದು ಪಡೆದ ಆರೋಗ್ಯವಂತ ಗಂಡಸರಲ್ಲಿ ಹೆಚ್ಚಿನವರ ವೀರ್ಯದಲ್ಲಿ ವೀರ್ಯಾಣುವೇ ಇಲ್ಲವಾಯಿತು. ಗಂಡಸುತನದ ಹೆಸರಿನಲ್ಲಿ ಮಾರಾಟವಾಗುವುದು ಹೀಗೆ ಸಾಬೀತಾದ ಗರ್ಭನಿರೋಧಕ. ನಿಲ್ಲಿಸಿದ ಮೇಲೆ ಬಹುತೇಕರಲ್ಲಿ ಉತ್ಪಾದನೆ ಮರಳುತ್ತದೆ, ಆದರೆ ತಿಂಗಳುಗಳು, ಕೆಲವೊಮ್ಮೆ ವರ್ಷ ಮೀರಿ ಹಿಡಿಯುತ್ತದೆ.

ಟೆಸ್ಟೋಸ್ಟೆರಾನ್ ಚಿಕಿತ್ಸೆಯೇ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ನಿಜವಾದ ಕೊರತೆ ಇರುವ, ಇನ್ನು ಮಕ್ಕಳು ಬೇಡವೆಂದಿರುವ ಗಂಡಸರಿಗೆ ಅದರಿಂದ ಲಾಭವಿದೆ. 45ರಿಂದ 80 ವರ್ಷದ 5,200ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ತುಸು ಹೆಚ್ಚಿದವು. ಆದರೆ ಮಗು ಬೇಕೆನ್ನುವವನಿಗೆ ವೈದ್ಯರು ಆರಿಸುವ ದಾರಿ ಬೇರೆ. ಎಲ್‌ಎಚ್‌ನಂತೆ ವರ್ತಿಸುವ ಎಚ್‌ಸಿಜಿಯನ್ನೋ, ಪಿಟ್ಯೂಟರಿಯನ್ನು ಮತ್ತೆ ಎಬ್ಬಿಸುವ ಕ್ಲೋಮಿಫೀನನ್ನೋ ಕೊಟ್ಟು ಲೇಡಿಗ್ ಕೋಶಗಳಿಂದಲೇ ದುಡಿಸುತ್ತಾರೆ.

ರೋಗನಿರೋಧಕ ವ್ಯವಸ್ಥೆಯನ್ನು ನಿಜಕ್ಕೂ ಏರಿಸಿದರೆ ಏನಾಗುತ್ತದೆ ಎಂಬುದಕ್ಕೂ ಈಗ ಉದಾಹರಣೆಯಿದೆ, ಅದು ಕ್ಯಾನ್ಸರ್ ವಾರ್ಡಿನಲ್ಲಿ. ಟಿ ಕೋಶಗಳ ಬ್ರೇಕನ್ನು ಬಿಡಿಸುವ ಇಪಿಲಿಮುಮ್ಯಾಬ್‌ನಂಥ ಔಷಧಗಳು ಜೀವ ಉಳಿಸಿವೆ. ಕೆಲವು ರೋಗಿಗಳಲ್ಲಿ ಬಿಡಿಸಿದ ಆ ಕೋಶಗಳು ಪಿಟ್ಯೂಟರಿಯ ಮೇಲೇ ಎರಗುತ್ತವೆ, ಎಲ್‌ಎಚ್ ಬೀಳುತ್ತದೆ, ಟೆಸ್ಟೋಸ್ಟೆರಾನ್ ಬೀಳುತ್ತದೆ. ವಿರಳವಾಗಿ ವೃಷಣವೇ ಉರಿಯೂತಕ್ಕೆ ಗುರಿಯಾದ ವರದಿಗಳೂ ಇವೆ. ಇತ್ತ 2022ರಲ್ಲಿ ಪ್ರಕಟವಾದ ಕೆಲಸದಲ್ಲಿ, ಟಿ ಕೋಶಗಳೊಳಗಿನ ಆಂಡ್ರೊಜನ್ ಗ್ರಾಹಕವನ್ನು ತಡೆದರೆ ಕ್ಯಾನ್ಸರ್ ವಿರುದ್ಧ ಅವು ಇನ್ನಷ್ಟು ಚುರುಕಾಗುತ್ತವೆ ಎಂದು ಕಂಡುಬಂತು. ವೃಷಣದಲ್ಲಿ ವರವಾದ ಮೌನ ಗೆಡ್ಡೆಯಲ್ಲಿ ಶಾಪ.

ಇನ್ನು ವರದಿ ಹಿಡಿದು ಕುಳಿತಿರುವವರ ಮಾತು. ಟೆಸ್ಟೋಸ್ಟೆರಾನ್ ಅಳೆಯಬೇಕಾದದ್ದು ಬೆಳಗಿನ ಹೊತ್ತು, ಎರಡು ಬೇರೆ ದಿನ, ಕಾಯಿಲೆ ಇಲ್ಲದಿರುವಾಗ. ಬೊಜ್ಜಿದ್ದವರಲ್ಲಿ ಅದನ್ನು ಹೊತ್ತು ತಿರುಗುವ ಪ್ರೋಟೀನು ಕಡಿಮೆ ಇರುವುದರಿಂದ ಒಟ್ಟು ಅಂಕಿ ಇರುವುದಕ್ಕಿಂತ ಕಡಿಮೆ ಕಾಣಬಹುದು. ಎಲ್‌ಎಚ್ ಮತ್ತು ಪಿಟ್ಯೂಟರಿಯದೇ ಇನ್ನೊಂದು ಹಾರ್ಮೋನಾದ ಎಫ್‌ಎಸ್‌ಎಚ್ ಅಂಕಿಗಳು ಜೊತೆಗಿಲ್ಲದಿದ್ದರೆ ತೊಂದರೆ ವೃಷಣದ್ದೋ ಮಿದುಳಿನದ್ದೋ ತಿಳಿಯದು. ಜ್ವರದ ನಂತರದ ವೀರ್ಯಪರೀಕ್ಷೆಯನ್ನು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು. ಮತ್ತು ‘ಈಗ ಸೇವಿಸುತ್ತಿರುವ ಔಷಧಗಳು’ ಎಂಬ ಕಾಲಂ ಎದುರು ವ್ಯಾಯಾಮಶಾಲೆಯಲ್ಲಿ ಯಾರೋ ಕೊಟ್ಟ ಆ ಚುಚ್ಚುಮದ್ದಿನ ಹೆಸರನ್ನೂ ಬರೆಯಬೇಕು. ಅದನ್ನು ಔಷಧವೆಂದು ಎಣಿಸದೆ ಖಾಲಿ ಬಿಡುವುದು ಸುಲಭ. ವೀರ್ಯದಲ್ಲಿ ವೀರ್ಯಾಣುವೇ ಇಲ್ಲ ಎಂಬ ವರದಿಯ ಕಾರಣ ಕೆಲವೊಮ್ಮೆ ಆ ಖಾಲಿ ಸಾಲಿನಲ್ಲೇ ಇರುತ್ತದೆ.